ಜರ್ನಲಿಸಂ ಡಿಗ್ರಿಗೆ ದುಡ್ಡು ಕಟ್ಟೋ ಮುಂಚೆ ಮಾರ್ಕ್ಸ್ ಕಾರ್ಡ್ ಯಾರು ಕೊಡ್ತಾರೆ ಅಂತ ಕೇಳಿ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದಾಗಿಂದ ನಮ್ಮ ಚಿಕ್ಕಪ್ಪನ ಮಗಳಿಗೆ ದಿನಕ್ಕೆ ಮೂರು ನಾಲ್ಕು ಕಾಲೇಜಿಂದ ಕಾಲ್ ಬರ್ತಿದೆ, ಅದ್ರಲ್ಲಿ ಒಂದು ನಾನು ಓದಿದ ಜಾಗದ್ದೇ. ಹೆಸರು ಬದಲಾಯಿಸಿಕೊಂಡಿದಾರೆ, ಬಿಲ್ಡಿಂಗ್ ಅದೇ. ಅವಳು ಸ್ಪೀಕರ್ ಹಾಕಿದ್ಲು, "ಒಂದ್ಸಲ ಪೇರೆಂಟ್ಸ್ ಕರ್ಕೊಂಡು ಬಂದು ನಮ್ಮ ಸ್ಟುಡಿಯೋ ನೋಡಿ ಮಾ" ಅಂತ ಆಕಡೆಯಿಂದ ಕೇಳಿಸ್ತು ನೋಡಿ, ನಂಗೆ ಮೈಯೆಲ್ಲಾ ಉರಿದುಹೋಯ್ತು. 2019ರಲ್ಲಿ ನಮ್ಮಪ್ಪನ್ನ ಬೀಳಿಸಿದ್ದೂ ಇದೇ ಮಾತು. ಅದಕ್ಕೇ ಕೂತು ಬರೀತಿದೀನಿ, ಉದ್ದ ಆಗುತ್ತೆ, ಸಹಿಸ್ಕೊಳ್ಳಿ. ಇನ್ಸ್ಟಿಟ್ಯೂಟ್ ಹೆಸರು ಹಾಕಲ್ಲ, ಕೋರ್ಟು ಕಚೇರಿ ಅಲೆಯೋ ಶಕ್ತಿ ನಂಗಿಲ್ಲ, ಅದೂ ಅಲ್ದೆ ಈ ತರದ್ದು ಅದೊಂದೇ ಇಲ್ಲ.

ನಮ್ದು ಅರಸೀಕೆರೆ ಹತ್ರ ಹಳ್ಳಿ, ಒಂದಿಷ್ಟು ತೆಂಗು, ಅದು ಬಿಟ್ರೆ ಬೇರೆ ಆದಾಯ ಇಲ್ಲ. ನಂಗೆ ಹೈಸ್ಕೂಲಿಂದ ರಿಪೋರ್ಟರ್ ಆಗೋ ಹುಚ್ಚು. ಊರಲ್ಲಿ ಜಾತ್ರೆ ಆದ್ರೆ ಫೋನ್ ಹಿಡ್ಕೊಂಡು "ಕ್ಯಾಮೆರಾಮನ್ ಜೊತೆ" ಅಂತ ಸೈನ್ ಆಫ್ ಮಾಡ್ತಿದ್ದೆ, ಕ್ಯಾಮೆರಾಮನ್ ನಮ್ಮ ತಮ್ಮ. ಪಿಯು ಮುಗಿದ ಮೇಲೆ ಬೆಂಗಳೂರಿನ ಈ ಮೀಡಿಯಾ ಇನ್ಸ್ಟಿಟ್ಯೂಟ್ ಫೇಸ್‌ಬುಕ್ ಆ್ಯಡಲ್ಲಿ ಕಾಣಿಸ್ತು, ನಂಬರ್ ಹಾಕಿದ್ದೇ ತಡ ಅರ್ಧ ಗಂಟೆಯಲ್ಲಿ ಕಾಲ್.

ಅಪ್ಪನ ಜೊತೆ ಹೋದ್ವಿ. ಒಂದು ಕಮರ್ಷಿಯಲ್ ಬಿಲ್ಡಿಂಗಿನ ಮೂರನೇ ಮಹಡಿ, ಕೆಳಗಡೆ ಬೇಕರಿ. ಕೌನ್ಸೆಲರ್ ಮೇಡಂ ಫೀಸ್ ವಿಷಯ ಎತ್ತಲೇ ಇಲ್ಲ, ಸೀದಾ ಸ್ಟುಡಿಯೋಗೆ ಕರ್ಕೊಂಡು ಹೋದ್ರು. ಒಂದು ಗೋಡೆಗೆ ಹಸಿರು ಬಟ್ಟೆ, ಎರಡು ಕಡೆ ದೊಡ್ಡ ಲೈಟು, ಟ್ರೈಪಾಡ್ ಮೇಲೆ ಮದುವೆ ಮನೇಲೂ ನೋಡಿರದಷ್ಟು ದೊಡ್ಡ ಕ್ಯಾಮೆರಾ. ಅಪ್ಪನ್ನ ಆಂಕರ್ ಚೇರಲ್ಲಿ ಕೂರಿಸಿ, ಹೆಗಲ ಮೇಲಿದ್ದ ಟವೆಲ್ ಸರಿ ಮಾಡಿ, ಫೋಟೋ ತೆಗೆದು ಅಲ್ಲೇ ಅವ್ರ ವಾಟ್ಸಾಪಿಗೆ ಕಳಿಸಿದ್ರು. ಅಷ್ಟೇ, ಅಪ್ಪ ಕರಗಿಹೋದ್ರು. ಆಮೇಲೆ ಫೀಸ್ ಹೇಳಿದ್ರು, ವರ್ಷಕ್ಕೆ 1 ಲಕ್ಷ 40 ಸಾವಿರ. ಅಟ್ಟದ ಮೇಲೆ ಉಂಡೆ ಕೊಬ್ಬರಿಗೆ ಅಂತ ಹಾಕಿದ್ದ ಕಾಯಿ ಇನ್ನೂ ಪೂರ್ತಿ ಒಣಗಿರಲಿಲ್ಲ, ಇನ್ನೆರಡು ತಿಂಗಳು ಬಿಟ್ಟಿದ್ರೆ ಚೆನ್ನಾಗಿರೋ ಕೊಬ್ಬರಿ ಆಗ್ತಿತ್ತು, ಅಪ್ಪ ಅರ್ಧಂಬರ್ಧ ಒಣಗಿದ್ದನ್ನೇ ವ್ಯಾಪಾರಿ ಕೇಳಿದ ರೇಟಿಗೆ ಕೊಟ್ಟು ದುಡ್ಡು ತಂದ್ರು.

ಈಗ ನೀವು ಕೇಳ್ಬೋದು, ಚೆಕ್ ಮಾಡ್ಲಿಲ್ವಾ ಅಂತ. ಮಾಡಿದ್ದೆ ರೀ. ಬ್ರೋಷರಲ್ಲಿ "ಬಿಎ ಇನ್ ಜರ್ನಲಿಸಂ ಅಂಡ್ ಮಾಸ್ ಕಮ್ಯುನಿಕೇಶನ್, ಯುಜಿಸಿ ಮಾನ್ಯತೆ ಇರೋ ಯೂನಿವರ್ಸಿಟಿಯ ಡಿಗ್ರಿ" ಅಂತ ಇತ್ತು, ಪಕ್ಕದಲ್ಲಿ ಹೊರರಾಜ್ಯದ ಒಂದು ಪ್ರೈವೇಟ್ ಯೂನಿವರ್ಸಿಟಿ ಲೋಗೋ. ಸೈಬರ್ ಸೆಂಟರ್‌ಗೆ ಹೋಗಿ ಯುಜಿಸಿ, ಅಂದ್ರೆ ಯೂನಿವರ್ಸಿಟಿಗಳ ಮೇಲೆ ಕಣ್ಣಿಡೋ ಕೇಂದ್ರದ ಸಂಸ್ಥೆ, ಅದರ ವೆಬ್‌ಸೈಟ್ ತೆಗೆದು ಆ ಹೆಸರು ಹುಡುಕಿದೆ, ಇತ್ತು, ಫೇಕ್ ಯೂನಿವರ್ಸಿಟಿ ಲಿಸ್ಟಲ್ಲಿ ಇರಲಿಲ್ಲ, ನಾನು ನೆಮ್ಮದಿಯಾಗಿ ಮನೆಗೆ ಬಂದೆ. ಎಲ್ಲಾ ಎಡವಟ್ಟು ಆಗಿದ್ದು ಇಲ್ಲೇ. ಯೂನಿವರ್ಸಿಟಿ ಅಸಲಿನೇ. ಆದ್ರೆ ನಾನು ಕೂತು ಪಾಠ ಕೇಳೋ ಜಾಗಕ್ಕೂ ಆ ಯೂನಿವರ್ಸಿಟಿಗೂ ಏನು ಸಂಬಂಧ ಅಂತ ನಾನು ಕೇಳಲೇ ಇಲ್ಲ. ಬ್ರೋಷರಲ್ಲಿ ಇದ್ದದ್ದು "ಇನ್ ಅಸೋಸಿಯೇಷನ್ ವಿತ್" ಅಂತ, "ಅಫಿಲಿಯೇಟೆಡ್ ಟು" ಅಂತ ಅಲ್ಲ. ಅಫಿಲಿಯೇಟೆಡ್ ಅಂದ್ರೆ ಆ ಯೂನಿವರ್ಸಿಟಿಗೆ ಅಧಿಕೃತವಾಗಿ ಸೇರಿದ ಕಾಲೇಜು, ಅಸೋಸಿಯೇಷನ್ ಅಂದ್ರೆ ಬರೀ ಜೊತೆಗಿದೀವಿ ಅನ್ನೋ ಮಾತು. ಹಳ್ಳಿ ಕನ್ನಡ ಮೀಡಿಯಂ ಹುಡುಗನಿಗೆ ಎರಡೂ ಒಂದೇ ತರ ಕಾಣಿಸ್ತು.

ತಮಾಷೆ ಏನ್ ಗೊತ್ತಾ, ಮೊದಲನೇ ವಾರದ ಪಾಠನೇ ಲ್ಯಾಸ್‌ವೆಲ್ ಅನ್ನೋ ಅಮೆರಿಕದ ವಿದ್ವಾಂಸ 1948ರಲ್ಲಿ ಹೇಳಿದ ಸೂತ್ರ, ಯಾರು ಹೇಳ್ತಿದಾರೆ, ಏನು ಹೇಳ್ತಿದಾರೆ, ಯಾವ ದಾರೀಲಿ, ಯಾರಿಗೆ, ಅದರಿಂದ ಏನಾಯ್ತು. ನೋಟ್ಸಲ್ಲಿ ಚೆಂದ ಬರ್ಕೊಂಡೆ. ಕೈಯಲ್ಲಿದ್ದ ಬ್ರೋಷರ್‌ಗೆ ಅದನ್ನ ಹಚ್ಚಿ ನೋಡೋಣ ಅಂತ ಒಬ್ಬನಿಗೂ ಹೊಳೀಲಿಲ್ಲ.

ಕ್ಲಾಸಲ್ಲಿ ಐವತ್ತು ಚಿಲ್ಲರೆ ಜನ. ಅಪ್ಪನ ಫೋಟೋದಲ್ಲಿದ್ದ ಆ ದೊಡ್ಡ ಕ್ಯಾಮೆರಾ ಟೇಪ್ ಕಾಲದ್ದು, ಬ್ಯಾಟರಿ ಸತ್ತು ವರ್ಷಗಳಾಗಿತ್ತು, ಅದು ಆನ್ ಆಗಿದ್ದನ್ನ ನಾವ್ಯಾರೂ ನೋಡಿಲ್ಲ. ಕೆಲಸಕ್ಕೆ ಇದ್ದದ್ದು ಎರಡು ಡಿಎಸ್ಎಲ್ಆರ್, ಅದ್ರಲ್ಲಿ ಒಂದು ಯಾವಾಗ್ಲೂ ಡೈರೆಕ್ಟರ್ ಸಾರ್ ಮನೆ ಫಂಕ್ಷನ್ನಿಗೆ ಹೋಗಿರ್ತಿತ್ತು, ಜೊತೆಗೆ ನಮ್ಮಲ್ಲೇ ಇಬ್ರು "ಪ್ರಾಕ್ಟಿಕಲ್" ಅಂತ ಹೋಗಿ ಶೂಟ್ ಮಾಡ್ಬೇಕು. ತಿಂಗಳಿಗೆ ಒಂದು ಸ್ಟುಡಿಯೋ ಕ್ಲಾಸು, ಲೈನಲ್ಲಿ ನಿಂತು ನಮ್ಮ ಸರದಿ ಬಂದಾಗ ಎರಡು ನಿಮಿಷ ಪ್ರಾಂಪ್ಟರ್ ಓದೋದು, ಮುಗೀತು. ಮೀಡಿಯಾ ಲಾ ನೋಟ್ಸ್ ಯಾವ ಕಾಲದ್ದೋ ಏನೋ, ಆನ್‌ಲೈನಲ್ಲಿ ಆಕ್ಷೇಪಾರ್ಹ ಅನ್ನಿಸೋದು ಹಾಕಿದ್ರೆ ಕೇಸ್ ಹಾಕೋ ಐಟಿ ಆ್ಯಕ್ಟಿನ 66ಎ ಸೆಕ್ಷನ್ ಇನ್ನೂ ಜಾರಿಯಲ್ಲಿದೆ ಅನ್ನೋ ತರ ಬರೆದಿತ್ತು, ಸುಪ್ರೀಂ ಕೋರ್ಟ್ ಅದನ್ನ 2015ರಲ್ಲೇ ರದ್ದು ಮಾಡಿ ಆಗಿದೆ. ಜರ್ನಲಿಸಂ ಹೇಳ್ಕೊಡೋರು ಪೇಪರ್ ಓದ್ತಿರಲಿಲ್ಲ ಅಂತ ಕಾಣುತ್ತೆ.

ಸುಳ್ಳು ಹೇಳ್ಬಾರ್ದು, ಒಬ್ರು ಸಾರ್ ಇದ್ರು, ಸುದ್ದಿ ತಿದ್ದೋ ಡೆಸ್ಕಲ್ಲಿ ತುಂಬಾ ವರ್ಷ ಕೆಲಸ ಮಾಡಿ ರಿಟೈರ್ ಆದೋರು, ವಾರಕ್ಕೆ ಎರಡೇ ಕ್ಲಾಸು. ಒಂದು ಬಸ್ ಆಕ್ಸಿಡೆಂಟ್ ಸುದ್ದಿಯ ಇಂಟ್ರೋನ, ಅಂದ್ರೆ ಮೊದಲ ಪ್ಯಾರಾನ, ನನ್ನ ಕೈಲಿ ಆರು ಸಲ ಬರೆಸಿದ್ರು, "ಸತ್ತೋರು ಎಷ್ಟು ಜನ ಅಂತ ಮೂರನೇ ಪ್ಯಾರಾದಲ್ಲಿ ಹೇಳ್ತೀಯೇನೋ ಮಾರಾಯ" ಅಂತ. ಇವತ್ತು ನಾನು ಒಂದು ನ್ಯೂಸ್ ಆ್ಯಪಲ್ಲಿ ಕಾಪಿ ಬರೆದು ಊಟ ಮಾಡ್ತಿದ್ರೆ ಅವರಿಂದಾನೇ. ಅವ್ರಿಗೆ ನಾಲ್ಕು ತಿಂಗಳು ಸಂಬಳ ಬಾಕಿ ಇಟ್ಟಿದ್ರು, ಬಿಟ್ಟು ಹೋದ್ರು.

2020 ಮಾರ್ಚಲ್ಲಿ ಲಾಕ್‌ಡೌನ್. ಇದೇ ಅವ್ರಿಗೆ ವರ ಆಗಿದ್ದು. ಮಾಮೂಲಿ ವರ್ಷ ಆಗಿದ್ರೆ ಎಕ್ಸಾಂ ಬರೆಯೋಕೆ ಬೇರೆ ರಾಜ್ಯಕ್ಕೆ ಹೋಗ್ಬೇಕಿತ್ತು, ಅಲ್ಲೇ ಗುಟ್ಟು ರಟ್ಟಾಗ್ತಿತ್ತು. ನಮ್ಗೆ ಎಲ್ಲಾ ಆನ್‌ಲೈನು, ಮನೇಲಿ ಕೂತು ಬುಕ್ ನೋಡ್ಕೊಂಡು ಬರೆದು ಸ್ಕ್ಯಾನ್ ಮಾಡಿ ಕಳಿಸೋದು, ಮಾರ್ಕ್ಸು ಪಿಡಿಎಫಲ್ಲಿ ವಾಟ್ಸಾಪಿಗೆ ಬರೋದು. ಸ್ಟುಡಿಯೋ ಬಾಗಿಲು ಹಾಕಿದ್ರೂ ಸ್ಟುಡಿಯೋ ಫೀಸ್ ಮಾತ್ರ ಪೂರ್ತಿ ತಗೊಂಡ್ರು. ಫೈನಲ್ ಇಯರಲ್ಲಿ ಇಂಟರ್ನ್‌ಶಿಪ್ ಫೀಸ್ ಅಂತ 15 ಸಾವಿರ ಕಟ್ಟಿಸ್ಕೊಂಡು ಒಂದು ಲೋಕಲ್ ಕೇಬಲ್ ಚಾನೆಲ್ಲಿಗೆ ಕಳಿಸಿದ್ರು, ಒಂದೂವರೆ ತಿಂಗಳು ಟಿವಿ ಕೆಳಗಡೆ ಓಡೋ ಸ್ಕ್ರೋಲ್ ಟೈಪ್ ಮಾಡಿದ್ದು ಬಿಟ್ರೆ ಬೇರೇನೂ ಇಲ್ಲ. ಆ ಚಾನೆಲ್‌ನೋರು ನಮ್ಮಿಂದ ಒಂದು ರೂಪಾಯಿನೂ ಕೇಳಿಲ್ಲ ಅಂತ ಆಮೇಲೆ ಗೊತ್ತಾಯ್ತು.

2022ರಲ್ಲಿ ಎಂಎಗೆ ಅಪ್ಲೈ ಮಾಡೋಕೆ ಅಂತ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೈಗೆ ತಗೊಂಡೆ. ಇನ್ಸ್ಟಿಟ್ಯೂಟ್ ಹೆಸರು ಅದ್ರಲ್ಲಿ ಎಲ್ಲೂ ಇಲ್ಲ. ಮೇಲೆ ಯೂನಿವರ್ಸಿಟಿ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ದೂರಶಿಕ್ಷಣ ನಿರ್ದೇಶನಾಲಯ" ಅಂತ ಇಂಗ್ಲಿಷಲ್ಲಿ. ಮೂರು ವರ್ಷ ದಿನಾ ಬೆಳಿಗ್ಗೆ ಬಿಎಂಟಿಸಿ ಹತ್ತಿ ಹೋಗಿದ್ದು ದೂರಶಿಕ್ಷಣ! ಆದ್ರೂ ಅಷ್ಟೇ ಆಗಿದ್ರೆ ಬಚಾವ್, ಮಾನ್ಯತೆ ಇರೋ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿನೇ ಹೇಳುತ್ತೆ. ಎಂಎ ಅಡ್ಮಿಷನ್ ಸೆಕ್ಷನ್ನಲ್ಲಿ ಇದ್ದ ಕ್ಲರ್ಕ್ ಒಬ್ರು ನನ್ನ ಮಾರ್ಕ್ಸ್ ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿ, ಕಂಪ್ಯೂಟರಲ್ಲಿ ಏನೋ ತೆಗೆದು, "ನೋಡಪ್ಪ, ಯೂನಿವರ್ಸಿಟಿ ಲಿಸ್ಟಲ್ಲಿದೆ, ನಿನ್ನ ಕೋರ್ಸ್ ಇಲ್ಲ" ಅಂದ್ರು. ದೂರಶಿಕ್ಷಣಕ್ಕೆ ಯುಜಿಸಿ ಪರ್ಮಿಷನ್ ಕೊಡೋದು ಯೂನಿವರ್ಸಿಟಿಗೆ ಸಾರಾಸಗಟಾಗಿ ಅಲ್ಲ, ಇಂಥ ವರ್ಷಕ್ಕೆ ಇಂಥ ಕೋರ್ಸ್‌ಗೆ ಅಂತ ಲೆಕ್ಕ. ನಾನು ಸೇರಿದ ವರ್ಷ ಆ ಲಿಸ್ಟಲ್ಲಿ ಬಿಕಾಂ ಇತ್ತು, ಬಿಬಿಎ ಇತ್ತು, ನಂದು ಇರಲಿಲ್ಲ. ಅದೂ ಅಲ್ದೆ ದೂರಶಿಕ್ಷಣನ ಫ್ರಾಂಚೈಸಿ ಕೊಟ್ಟು ನಡೆಸೋ ಹಾಗಿಲ್ಲ, ಒಂದು ರಾಜ್ಯದ ಕಾನೂನಿನ ಕೆಳಗೆ ಹುಟ್ಟಿದ ಪ್ರೈವೇಟ್ ಯೂನಿವರ್ಸಿಟಿ ಇನ್ನೊಂದು ರಾಜ್ಯದಲ್ಲಿ ಬಂದು ಸ್ಟಡಿ ಸೆಂಟರ್ ಇಡೋ ಹಾಗಿಲ್ಲ. ಅಂದ್ರೆ ನಾನು ಮೂರು ವರ್ಷ ಕೂತಿದ್ದ ಆ ಮೂರನೇ ಮಹಡಿ ಕಾನೂನಿನ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಅಲ್ಲೇ ಕಾರಿಡಾರ್ ಬೆಂಚಲ್ಲಿ ಎಷ್ಟೊತ್ತು ಕೂತಿದ್ನೋ ಗೊತ್ತಿಲ್ಲ.

ಆಮೇಲೆ ಆ ಯೂನಿವರ್ಸಿಟಿಗೇ ಫೋನ್ ಮಾಡಿದೆ, ಹಿಂದಿ ಬರಲ್ಲ, ರೂಮ್‌ಮೇಟ್ ಕೈಲಿ ಮಾತಾಡಿಸಿದೆ. ಅವ್ರ ಲೆಕ್ಕದಲ್ಲಿ ನನ್ನ ಹೆಸರಲ್ಲಿ ಕಟ್ಟಿರೋ ಫೀಸು ವರ್ಷಕ್ಕೆ 9,500. ಮಿಕ್ಕಿದ್ದು 1 ಲಕ್ಷ 30 ಸಾವಿರ ಎಲ್ಲಿಗೆ ಹೋಯ್ತು ಅಂತ ನೀವೇ ಲೆಕ್ಕ ಹಾಕಿ. ಇನ್ಸ್ಟಿಟ್ಯೂಟಿಗೆ ಹೋಗಿ ಕೇಳಿದ್ರೆ ಅಡ್ಮಿಷನ್ ಫಾರಂ ತೆಗೆದು ತೋರಿಸಿದ್ರು, ಒಂಬತ್ತನೇ ಕಂಡಿಷನ್ನಲ್ಲಿ "ಡಿಗ್ರಿ ದೂರಶಿಕ್ಷಣದ ಮೂಲಕ" ಅಂತ ಇದೆ, ಕೆಳಗೆ ಅಪ್ಪನ ಸೈನು. ಫೀಸು "ಸ್ಕಿಲ್ ಟ್ರೈನಿಂಗ್"ಗೆ ತಗೊಂಡಿದ್ದು ಅಂತೆ. ವಾಪಸ್ ಕೇಳೋಕೂ ದಾರಿ ಇರಲಿಲ್ಲ, ಯುಜಿಸಿಯ 2018ರ ರೀಫಂಡ್ ನಿಯಮದಲ್ಲಿ ಅಡ್ಮಿಷನ್ ಕೊನೇ ದಿನ ಆಗಿ ಮೂವತ್ತು ದಿನದ ಮೇಲೆ ಬಿಟ್ರೆ ಏನೂ ಸಿಗಲ್ಲ, ನಾನು ಹೋಗಿದ್ದು ಮೂರು ವರ್ಷ ಆದ ಮೇಲೆ. ಅದೇ ನಿಯಮದಲ್ಲಿ ಹುಡುಗರ ಒರಿಜಿನಲ್ ಸರ್ಟಿಫಿಕೇಟ್ ಇಟ್ಕೋಬಾರ್ದು ಅಂತಾನೂ ಇದೆ. ನನ್ನ ಎಸ್ಸೆಸ್ಸೆಲ್ಸಿ, ಪಿಯು ಮಾರ್ಕ್ಸ್ ಕಾರ್ಡು "ವೆರಿಫಿಕೇಷನ್" ಅಂತ ತಗೊಂಡೋರು ಮೂರು ವರ್ಷ ಬೀರುವಿನಲ್ಲೇ ಇಟ್ಟಿದ್ರು, ಆ ಭಯಕ್ಕೇ ಯಾರೂ ಜೋರಾಗಿ ಮಾತಾಡ್ತಿರಲಿಲ್ಲ. ಕೊನೆಗೆ ನಮ್ಮ ಸೋದರಮಾವ ಬಂದು ರಿಸೆಪ್ಷನ್ನಲ್ಲಿ, ಹೊಸ ಅಡ್ಮಿಷನ್‌ಗೆ ಬಂದಿದ್ದ ಅಪ್ಪ ಅಮ್ಮಂದಿರ ಎದುರಿಗೇ, ಒಂದು ಸುತ್ತು ಕೂಗಾಡಿದ ಮೇಲೆ ಹತ್ತು ನಿಮಿಷದಲ್ಲಿ ಕೈಗೆ ಬಂತು.

ಹಾಗಾಗಿ ಸೇರೋರು ದಯವಿಟ್ಟು ಸ್ಟುಡಿಯೋ ನೋಡ್ಬೇಡಿ, ಸೀನಿಯರ್ ಒಬ್ರ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ತೋರಿಸಿ ಅನ್ನಿ, ಮೇಲೆ ಯಾರ ಹೆಸರಿದೆ, ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗೆ ಅಫಿಲಿಯೇಷನ್ ಇದೆ ಅಂದ್ರೆ ಅಡ್ಮಿಷನ್ ಯುಯುಸಿಎಂಎಸ್ ಅನ್ನೋ ರಾಜ್ಯ ಸರ್ಕಾರದ ಪೋರ್ಟಲಲ್ಲಿ ಆಗುತ್ತೆ, ಅಲ್ಲಿ ಆ ಕಾಲೇಜ್ ಹೆಸರಿನ ಕೆಳಗೆ ನಿಮ್ಮ ಕೋರ್ಸ್ ಇದೆಯಾ ನೋಡಿ, ಇಲ್ಲ ಅಂದ್ರೆ ಎದ್ದು ಬನ್ನಿ. ದೂರಶಿಕ್ಷಣ ಅಂತ ಬಾಯಿಬಿಟ್ಟು ಹೇಳಿದ್ರೆ ಯುಜಿಸಿಯ ದೂರಶಿಕ್ಷಣ ಬ್ಯೂರೋ (ಡಿಇಬಿ) ಸೈಟಲ್ಲಿ ಆ ವರ್ಷದ ಲಿಸ್ಟು ತೆಗೆದು ಕೋರ್ಸ್ ಹೆಸರು ಅಕ್ಷರಕ್ಕಕ್ಷರ ಹೊಂದುತ್ತಾ ನೋಡ್ಬೇಕು, 2024ರಿಂದ ಸ್ಟೂಡೆಂಟೇ ಡಿಇಬಿ ಐಡಿ ಅಂತ ಮಾಡ್ಕೋಬೇಕು, ಅದು ಬೇಡ ನಾವೇ ನೋಡ್ಕೋತೀವಿ ಅಂದ್ರೆ ಅಲ್ಲೇ ಅರ್ಥ ಮಾಡ್ಕೊಳ್ಳಿ. ಫೀಸ್ ರಸೀದಿ ಯಾರ ಹೆಸರಲ್ಲಿದೆ ಅನ್ನೋದೂ ಮುಖ್ಯ, ನಂದು ಯಾವುದೋ ಟ್ರಸ್ಟ್ ಹೆಸರಲ್ಲಿತ್ತು, ನಾನು ಫೈಲಿಗೆ ಹಾಕಿ ಮರೆತಿದ್ದೆ. ಮತ್ತೆ ನಿಮ್ಮ ಹತ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಬಿಎಗೆ ಜರ್ನಲಿಸಂ ಇದೆಯಾ ಅಂತ ಮೊದ್ಲು ವಿಚಾರಿಸಿ. ಅಲ್ಲಿ ಕ್ಯಾಮೆರಾ ಇಲ್ಲದೇ ಇರ್ಬೋದು, ನಮ್ಮಲ್ಲಿ ಇದ್ದದ್ದೂ ಆನ್ ಆಗ್ತಿರಲಿಲ್ಲ.

ನಾನೀಗ ಕೆಲಸ ಮಾಡ್ಕೊಂಡೇ ಮೈಸೂರಿನ ಮುಕ್ತ ವಿವಿಯಲ್ಲಿ ಮತ್ತೆ ಬಿಎ ಕಟ್ಟಿದೀನಿ, ಅದಕ್ಕೂ 2013-14ರಿಂದ ಮಾನ್ಯತೆ ಹೋಗಿ 2018ರಲ್ಲಿ ವಾಪಸ್ ಬಂದಿದ್ದು, ಹಂಗಾಗಿ ಈ ಸಲ ಲಿಸ್ಟು ಪ್ರಿಂಟ್ ಹಾಕಿಸಿ ನನ್ನ ಕೋರ್ಸ್ ಕೆಳಗೆ ಗೆರೆ ಎಳೆದು ಇಟ್ಕೊಂಡಿದೀನಿ. ಅಪ್ಪನ ಫೋನಲ್ಲಿ ಆ ಆಂಕರ್ ಚೇರ್ ಫೋಟೋ ಇನ್ನೂ ಇದೆ, ಡಿಲೀಟ್ ಮಾಡಿ ಅಂದ್ರೆ ಚೆನ್ನಾಗಿ ಬಂದಿದೆ ಇರ್ಲಿ ಬಿಡು ಅಂತಾರೆ.

ಚಿಕ್ಕಪ್ಪನ ಮಗಳು ಮೊನ್ನೆ ನಾನು ಹೇಳಿಕೊಟ್ಟಂಗೆ ಫೋನಲ್ಲಿ "ಮೇಡಂ, ಮಾರ್ಕ್ಸ್ ಕಾರ್ಡ್ ಯಾವ ಯೂನಿವರ್ಸಿಟಿಯಿಂದ ಬರುತ್ತೆ, ರೆಗ್ಯುಲರ್ರಾ ಡಿಸ್ಟೆನ್ಸಾ" ಅಂತ ಕೇಳಿದ್ಲು. ಸಾರ್ ಹತ್ರ ಕೇಳಿ ಹೇಳ್ತೀನಿ ಅಂದೋರು ನಾಲ್ಕು ದಿನ ಆಯ್ತು, ದಿನಾ ಬರ್ತಿದ್ದ ಕಾಲ್ ನಿಂತಿದೆ.