ಏರ್‌ಫ್ಲೋ: ನಮ್ಮ ತಪ್ಪನ್ನು ಅದು ಎಷ್ಟು ಬೇಗ ತೋರಿಸಿಕೊಡುತ್ತದೆ?

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜು ಮುಗಿದ ಮೇಲೆ, ಹದಿನೈದು ಕಿಲೋ ಬಾಕ್ಸಿನ ದರಗಳನ್ನು ಒಟ್ಟುಗೂಡಿಸಿ ರೈತರ ಮೊಬೈಲಿಗೆ ಕಳುಹಿಸುವ ಕೆಲಸವನ್ನು ನಾವು ಅಪಾಚೆ ಏರ್‌ಫ್ಲೋಗೆ ವಹಿಸಿದ್ದೇವೆ. ಕೆಲಸಗಳನ್ನು ಸರದಿಯಂತೆ, ಹೊತ್ತಿಗೆ ಸರಿಯಾಗಿ ನಡೆಸುವ ಈ ತಂತ್ರಾಂಶ 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯಲ್ಲಿ ಹುಟ್ಟಿತು. ನಾಳೆ ಕಾಯಿ ಬಿಡಿಸಬೇಕೇ ಬೇಡವೇ ಎಂದು ಆ ದರ ನೋಡಿ ನಿರ್ಧರಿಸುವವರಿದ್ದಾರೆ; ಆದ್ದರಿಂದ ಸೆಟ್ಟಿಂಗ್ ತಪ್ಪಿದಾಗ ಏರ್‌ಫ್ಲೋ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ನನಗೆ ಮುಖ್ಯ.

ಮಾಡಬೇಕಾದ ಕೆಲಸಗಳನ್ನು ನಾವು ಬರೆದಿಡುವ ಫೈಲನ್ನು ಏರ್‌ಫ್ಲೋ ಓದುವಾಗಲೇ ಸಿಕ್ಕಿಬೀಳುವ ತಪ್ಪುಗಳ ವಿಷಯದಲ್ಲಿ ಅದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಇಲ್ಲದ ಲೈಬ್ರರಿಯನ್ನು (ಸಿದ್ಧ ಕೋಡ್ ಸಂಗ್ರಹವನ್ನು) ಕರೆದರೆ, ಅಥವಾ ಎರಡು ಟಾಸ್ಕ್‌ಗಳು, ಅಂದರೆ ಕೆಲಸದ ಬಿಡಿ ಹಂತಗಳು, ಒಂದಕ್ಕೊಂದು ಕಾಯುತ್ತ ಕೂರುವಂತೆ ಬರೆದರೆ, ಕೆಲಸ ಶುರುವಾಗುವ ಮೊದಲೇ ಪರದೆಯ ಮೇಲೆ ದೋಷ ಕಾಣುತ್ತದೆ. ಉಳಿದ ಡ್ಯಾಗ್‌ಗಳು (ಟಾಸ್ಕ್‌ಗಳನ್ನು ಸರದಿಯಲ್ಲಿ ಜೋಡಿಸಿದ ಒಂದೊಂದು ಸರಣಿಗೆ ಏರ್‌ಫ್ಲೋದಲ್ಲಿ ಈ ಹೆಸರು) ಎಂದಿನಂತೆ ನಡೆಯುತ್ತವೆ.

ತೊಡಕಿರುವುದು ಕೆಲಸ ನಡೆಯುವಾಗ ಹೊರಬೀಳುವ ತಪ್ಪುಗಳಲ್ಲಿ. ಒಮ್ಮೆ ನಾನು ಡೇಟಾಬೇಸ್ ಕನೆಕ್ಷನ್ನಿನ (ಡೇಟಾಬೇಸನ್ನು ತಲುಪಲು ಬೇಕಾದ ವಿವರಗಳನ್ನು ಒಂದು ಹೆಸರಿನಲ್ಲಿ ಉಳಿಸಿಟ್ಟದ್ದು) ಹೆಸರಿನಲ್ಲಿ ಒಂದಕ್ಷರ ತಪ್ಪು ಬರೆದಿದ್ದೆ. ಆ ಹೆಸರಿನ ಕನೆಕ್ಷನ್ ಇಲ್ಲವೆಂದು ಮೊದಲ ಲಾಗಿನಲ್ಲೇ (ನಡೆದದ್ದರ ದಾಖಲೆಯಲ್ಲೇ) ಸ್ಪಷ್ಟವಾಗಿ ಬಂದಿತ್ತು. ಆದರೂ ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ಮರುಪ್ರಯತ್ನಿಸಬೇಕೆಂದು ನಾನೇ ಹೇಳಿದ್ದರಿಂದ, ಸೋತಿದೆ ಎಂಬ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ನೆಟ್‌ವರ್ಕ್ ಹೋದರೆ ಮತ್ತೆ ಬರುತ್ತದೆ, ತಪ್ಪು ಹೆಸರು ಎಷ್ಟು ಸಲ ಓಡಿಸಿದರೂ ತಪ್ಪೇ. ಈ ಎರಡರ ಭೇದವನ್ನು ಏರ್‌ಫ್ಲೋ ತಾನಾಗಿ ಎಣಿಸುವುದಿಲ್ಲ. ಇದಕ್ಕೆಂದೇ ಏರ್‌ಫ್ಲೋಫೇಲ್‌ಎಕ್ಸೆಪ್ಷನ್ ಎಂಬ ದೋಷಸೂಚನೆಯೊಂದಿದೆ, ನಮ್ಮ ಕೋಡ್ ಅದನ್ನು ಎಸೆದರೆ (ಹೊರಡಿಸಿದರೆ) ಮರುಪ್ರಯತ್ನವಿಲ್ಲದೆ ಟಾಸ್ಕ್ ಅಲ್ಲಿಗೇ ನಿಲ್ಲುತ್ತದೆ. ಈಗ ನಮ್ಮ ಪ್ರತಿ ಡ್ಯಾಗ್‌ನ ಮೊದಲ ಟಾಸ್ಕ್ ಬೇಕಾದ ಕನೆಕ್ಷನ್‌ಗಳಿವೆಯೇ ಎಂದು ನೋಡಿ, ಇಲ್ಲದಿದ್ದರೆ ಅದನ್ನೇ ಎಸೆಯುತ್ತದೆ.

ದೋಷವೇ ಕಾಣದ ತಪ್ಪುಗಳೂ ಇವೆ. ಮೂಲ ಸೆಟ್ಟಿಂಗ್‌ನಲ್ಲಿ ಕಾಲವಲಯ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಆಗಿರುವುದರಿಂದ, ಬೆಳಿಗ್ಗೆ 11ಕ್ಕೆ ಎಂದು ಬರೆದ ಕೆಲಸ ನಮ್ಮಲ್ಲಿ ಸಂಜೆ 4.30ಕ್ಕೆ ಹಸಿರು ಗುರುತಿನೊಂದಿಗೆ ಸುಖವಾಗಿ ಮುಗಿಯುತ್ತದೆ. ಏಷ್ಯಾ/ಕೋಲ್ಕತ್ತಾ ಎಂದು ನಾವೇ ಬದಲಿಸಬೇಕು. ಆರಂಭದ ದಿನಾಂಕವನ್ನು ಹಿಂದಕ್ಕೆ ಹಾಕಿದರೆ ಬಾಕಿಯಾದ ದಿನಗಳನ್ನೆಲ್ಲ ಓಡಿಸುವ ಕ್ಯಾಚಪ್, 2025ರ ಏಪ್ರಿಲ್‌ನಲ್ಲಿ ಬಂದ 3ನೇ ಆವೃತ್ತಿಯಿಂದ ಮೊದಲೇ ಆಫ್ ಆಗಿರುತ್ತದೆ. ಇದು ಬಹಳ ಒಳ್ಳೆಯ ಬದಲಾವಣೆ. 2ನೇ ಆವೃತ್ತಿಯಲ್ಲೇ ಇರುವವರು ಮಾತ್ರ ಅದನ್ನು ಕೈಯಾರೆ ಆಫ್ ಮಾಡಿಕೊಳ್ಳಬೇಕು.