ನಿಂತುಹೋದ ನೀಲಿ: ಹಳೆಯ ಡ್ರಮ್‌ಗಳ ಹೊದಿಕೆ ಮಾರುವವರೊಬ್ಬರ ಸೇವೆಯ ವಿಮರ್ಶೆ

ಲುಡ್ವಿಗ್ ಕಂಪನಿಯ 1960ರ ದಶಕದ ಸೂಪರ್ ಕ್ಲಾಸಿಕ್ ಡ್ರಮ್ ಸೆಟ್ ನನ್ನ ಕೈಸೇರಿದಾಗ 22 ಇಂಚಿನ ಬಾಸ್ ಡ್ರಮ್ ಮತ್ತು 13 ಇಂಚಿನ ಟಾಮ್ ಮೂಲ ಬ್ಲೂ ಸ್ಪಾರ್ಕಲ್ ಹೊದಿಕೆಯಲ್ಲೇ, ಅಂದರೆ ಮರದ ಮೇಲೆ ಸುತ್ತಿದ ಮಿನುಗುವ ನೀಲಿ ಪ್ಲಾಸ್ಟಿಕ್ ಹಾಳೆಯಲ್ಲೇ, ಇದ್ದವು. 16 ಇಂಚಿನ ಫ್ಲೋರ್ ಟಾಮಿನ ಹೊದಿಕೆಯನ್ನು ಮಾತ್ರ ಯಾರೋ ಕಿತ್ತು, ಮರಕ್ಕೆ ಕಪ್ಪು ಬಣ್ಣ ಬಳಿದಿದ್ದರು. ಆ ಒಂದು ಡ್ರಮ್ಮಿಗಾಗಿ, ತಯಾರಿಕೆ ನಿಂತ ಫಿನಿಶ್‌ಗಳನ್ನು (ಹೊದಿಕೆಯ ಬಣ್ಣ-ವಿನ್ಯಾಸಗಳನ್ನು) ಮತ್ತೆ ಮಾಡಿಸಿ ಮಾರುವವರೊಬ್ಬರಿಂದ ಮೊದಲು ಮಾದರಿ ತುಂಡುಗಳನ್ನೂ ಆಮೇಲೆ ಪೂರ್ತಿ ಹಾಳೆಯನ್ನೂ ತರಿಸಿಕೊಂಡೆ.

ಮಾದರಿ ತುಂಡನ್ನು ಟಾಮಿನ ಪಕ್ಕದಲ್ಲಿ ಹಿಡಿದ ಕೂಡಲೇ ನಿರಾಸೆಯಾಯಿತು: ಅದು ಅಪ್ಪಟ ನೀಲಿ, ನನ್ನ ಡ್ರಮ್ ನವಿಲಿನ ಕತ್ತಿನ ಹಾಗೆ ಹಸಿರಿಗೆ ಹೊರಳಿದ ನೀಲಿ. ಮಾರಾಟಗಾರರಿಗೆ ದೂರು ಬರೆಯುವ ಮೊದಲು ಸುಮ್ಮನೆ ಒಂದು ಲಗ್ (ಬಿಗಿ ಮಾಡುವ ತಿರುಪನ್ನು ಹಿಡಿಯಲು ಡ್ರಮ್ಮಿನ ಬದಿಗೆ ಕೂರಿಸಿದ ಲೋಹದ ತುಂಡು) ಬಿಚ್ಚಿ ನೋಡಿದೆ. ಅದರ ಅಡಿಯಲ್ಲಿ, ಲಗ್ಗಿನದೇ ಆಕಾರದಲ್ಲಿ, ಅಂಚು ಗೆರೆ ಕೊರೆದಷ್ಟು ಸ್ಪಷ್ಟವಾಗಿ, ಬೆಳಕು ಕಾಣದ ನೀಲಿಯೊಂದು ಉಳಿದಿತ್ತು. ಮಾದರಿ ತುಂಡು ಅದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡಿತು. ಮಿನುಗುಪುಡಿಯ ಮೇಲಿರುವ ಪಾರದರ್ಶಕ ಪದರ ವರ್ಷಗಳು ಕಳೆದಂತೆ ಹಳದಿಯಾಗುತ್ತದೆ, ನೀಲಿಯ ಮೇಲೆ ಹಳದಿ ಕೂತರೆ ಕಣ್ಣಿಗೆ ಹಸಿರೇ ಕಾಣುತ್ತದೆ. ಇದೇ ಕಾರಣಕ್ಕೆ ವೈಟ್ ಮರೀನ್ ಪರ್ಲ್ ಎಂಬ ಮುತ್ತಿನ ಬಿಳುಪಿನ ಹೊದಿಕೆಯ ಹಳೆಯ ಸೆಟ್‌ಗಳು ಕೆನೆಬಣ್ಣಕ್ಕೆ ತಿರುಗಿರುತ್ತವೆ.

ಅಂದರೆ ಮಾರಾಟಗಾರರು 1960ರ ದಶಕದಲ್ಲಿ ಕಾರ್ಖಾನೆಯಿಂದ ಹೊರಬಂದ ಬಣ್ಣವನ್ನು ನಿಷ್ಠೆಯಿಂದ ಮರಳಿ ತಂದಿದ್ದಾರೆ; ಆದರೆ ನನಗೆ ಬೇಕಿದ್ದದ್ದು ಮುಪ್ಪಾದ ಬಣ್ಣ. ಇಡೀ ಸೆಟ್ಟಿಗೆ ಹೊದಿಸುವಿರೋ, ಒಂದೇ ಡ್ರಮ್ಮಿಗೋ ಎಂಬ ಪ್ರಶ್ನೆಯನ್ನು ಅವರು ಕೇಳಬೇಕಿತ್ತು, ಕೇಳಲಿಲ್ಲ. ಅವರ ಪಟ್ಟಿಯಲ್ಲಿರುವುದು ಬರೀ ಹೆಸರುಗಳು, ಮತ್ತು ಈ ವ್ಯವಹಾರದಲ್ಲಿ ಹೆಸರನ್ನು ನಂಬುವುದಕ್ಕಾಗುವುದಿಲ್ಲ. ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್ 1963ರಲ್ಲಿ ಕೊಂಡ ಸೆಟ್ಟಿನಿಂದ ಹೆಸರಾದ ಬ್ಲ್ಯಾಕ್ ಆಯ್ಸ್ಟರ್ ಪರ್ಲ್ ಫಿನಿಶನ್ನೇ ನೋಡಿ: ಆ ಕಾಲದ ಹಾಳೆಯಲ್ಲಿ ಕಪ್ಪು ಬಿಳುಪು ಪಟ್ಟೆಪಟ್ಟೆಯಾಗಿ ಹರಿದಿದ್ದರೆ, 1970ರ ದಶಕದ ಹಾಳೆಯಲ್ಲಿ ಅದು ಸುಳಿಸುಳಿಯಾಗಿ ಕದಡಿಹೋಗಿದೆ, ಸಂಗ್ರಾಹಕರು ಅದನ್ನು ಬೌಲಿಂಗ್ ಬಾಲ್ ಎಂದೇ ಕರೆಯುತ್ತಾರೆ.

ಹಾಳೆಯ ಗುಣಮಟ್ಟದ ಬಗ್ಗೆ ದೂರಿಲ್ಲ. 16 ಇಂಚಿನ ಶೆಲ್ಲಿನ, ಅಂದರೆ ಡ್ರಮ್ಮಿನ ಮರದ ಒಡಲಿನ, ಸುತ್ತಳತೆ ಸುಮಾರು 50.3 ಇಂಚು, ಅಂಚಿನ ಮೇಲೆ ಅಂಚು ಕೂರಲು ಒಂದಿಂಚಿನಷ್ಟು ಹೆಚ್ಚು ಬೇಕು, ಅಷ್ಟನ್ನು ಬಿಟ್ಟೇ ನೇರವಾಗಿ ಕತ್ತರಿಸಿ ಕಳಿಸಿದ್ದರು. ಹೊದಿಕೆ ದಪ್ಪವಾದರೆ ಡ್ರಮ್ ಹೆಡ್ (ಬಾರಿಸುವ ಮುಚ್ಚಳ) ಬಿಗಿಯಾಗಿ ಸಿಕ್ಕಿಕೊಂಡು ಶ್ರುತಿ ಮಾಡುವುದೇ ಕಷ್ಟವಾಗುತ್ತದೆ, ಹಾಳೆ ಎರಡು ಪಟ್ಟಾಗುವ ಬೆಸುಗೆಯ ಜಾಗದಲ್ಲಂತೂ ಹೆಚ್ಚು. ಇಲ್ಲಿ ಹೆಡ್ ಸಲೀಸಾಗಿ ಇಳಿಯಿತು. ಹಾಳೆಯನ್ನು ತೀರಾ ಬಿಗಿಯಾಗಿ ಸುತ್ತಿ ಕಳಿಸಿದ್ದರಿಂದ ಎರಡು ದಿನ ಭಾರ ಹೇರಿ ಮಲಗಿಸಬೇಕಾಯಿತು, ಅಷ್ಟೇ.

ಇದು ಪಿವಿಸಿ ಹಾಳೆ. ಹಳೆಯ ಹೊದಿಕೆಗಳಲ್ಲಿ ಬಹಳಷ್ಟು ಸೆಲ್ಯುಲೋಸ್ ನೈಟ್ರೇಟಿನವು; ಅಂಥದರ ಅಂಚನ್ನು ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದನ್ನು ಮೆದುವಾಗಿಸಲು ಬೆರೆಸುತ್ತಿದ್ದದ್ದು ಕರ್ಪೂರವನ್ನೇ. ಆ ಕರ್ಪೂರ ಮೆಲ್ಲಗೆ ಆವಿಯಾಗಿ ಹೊದಿಕೆ ಕುಗ್ಗುತ್ತದೆ, ಬೆಸುಗೆ ಬಿಟ್ಟುಕೊಳ್ಳುತ್ತದೆ. ನೈಟ್ರೇಟ್ ಹೊದಿಕೆಗೆ ಬೆಂಕಿ ಬೇಗ ಹತ್ತುವುದರಿಂದ ಹೀಟ್ ಗನ್ ಹಿಡಿದು ಬಿಡಿಸಲು ಹೊರಡುವವರು ಮೊದಲು ಮೂಸಿ ನೋಡುವುದು ಕ್ಷೇಮ.

ಇಡೀ ಸೆಟ್ಟಿಗೆ ಹೊಸದಾಗಿ ಹೊದಿಸುವವರಿಗೆ ಈ ಸೇವೆಯನ್ನು ಹಿಂಜರಿಯದೆ ಸೂಚಿಸುತ್ತೇನೆ. ನನ್ನಂತೆ ಒಂಟಿ ಡ್ರಮ್ಮನ್ನು ಜೊತೆಗಾರರೊಂದಿಗೆ ಹೊಂದಿಸಬೇಕಾದವರು ಶೆಲ್ ಒಡೆದುಹೋಗಿಯೂ ಹೊದಿಕೆ ಚೆನ್ನಾಗಿರುವ ಹಳೆಯ ಡ್ರಮ್ಮೊಂದನ್ನು ಹುಡುಕುವುದೇ ಮೇಲು. ನಾನೂ ಅದನ್ನೇ ಹುಡುಕುತ್ತಿದ್ದೇನೆ. ಅದು ಸಿಕ್ಕ ದಿನ ಸುಲಭವಾಗಿ ಬಿಚ್ಚಿಕೊಳ್ಳಲೆಂದು ಈ ಹಾಳೆಯನ್ನು ಅಂಟು ಬಳಿದು ಕೂರಿಸದೆ, ಬೆಸುಗೆಯಲ್ಲಿ ಮಾತ್ರ ಎರಡು ಬದಿಯ ಟೇಪು ಹಚ್ಚಿ ನಿಲ್ಲಿಸಿದ್ದೇನೆ.