ಯೂನಿಟಿ ಪ್ರಾಜೆಕ್ಟನ್ನು ಡೆಸ್ಕ್‌ಟಾಪ್ ಮೇಲೆ ಇಡಬೇಡಿ

ಹೊಸ ವಿಂಡೋಸ್ 11 ಕಂಪ್ಯೂಟರಿಗೆ ಗೇಮ್ ತಯಾರಿಸುವ ತಂತ್ರಾಂಶ ಯೂನಿಟಿ ಹಾಕಿಕೊಂಡು, ಕೈಗೆ ಸಿಗಲಿ ಅಂತ ಡೆಸ್ಕ್‌ಟಾಪ್ ಮೇಲೋ ಡಾಕ್ಯುಮೆಂಟ್ಸ್ ಒಳಗೋ ಗೇಮ್ ಶುರು ಮಾಡಿದವರು ತಿಂಗಳುಗಟ್ಟಲೆ ಕೆಲಸ ಕಳೆದುಕೊಂಡಿದ್ದಾರೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿದ್ದರೆ ಈ ಎರಡೂ ಫೋಲ್ಡರ್‌ಗಳು ಮೈಕ್ರೋಸಾಫ್ಟಿನ ಕ್ಲೌಡ್ ಸಂಗ್ರಹವಾದ ಒನ್‌ಡ್ರೈವ್ ಬ್ಯಾಕಪ್‌ಗೆ ಸೇರಿರಬಹುದು. ಪ್ರಾಜೆಕ್ಟಿನ ವಿಳಾಸದಲ್ಲಿ ಒನ್‌ಡ್ರೈವ್ ಅಂತ ಇದೆಯಾ, ಈಗಲೇ ನೋಡಿ.

ಮೊದಲ ಪೆಟ್ಟು ಪ್ರಾಜೆಕ್ಟಿನೊಳಗಿನ ಲೈಬ್ರರಿ ಫೋಲ್ಡರಿಗೆ. ಅಲ್ಲಿ ಯೂನಿಟಿ ಸಾವಿರಾರು ಸಣ್ಣ ಫೈಲುಗಳನ್ನು ಬರೆಯುತ್ತ ಅಳಿಸುತ್ತ ಇರುತ್ತದೆ. ಅದೇ ಹೊತ್ತಿಗೆ ಸಿಂಕ್ (ಫೈಲುಗಳನ್ನು ಕ್ಲೌಡಿನ ಜೊತೆ ಸರಿಹೊಂದಿಸುವ ಒನ್‌ಡ್ರೈವ್ ಕೆಲಸ) ಆ ಫೈಲನ್ನು ಹಿಡಿದುಕೊಂಡರೆ ‘ಆಕ್ಸೆಸ್ ಡಿನೈಡ್’ ಬಂದು ಇಂಪೋರ್ಟ್ ಅರ್ಧಕ್ಕೆ ನಿಲ್ಲುತ್ತದೆ. ಒನ್‌ಡ್ರೈವ್‌ನಲ್ಲಿ ಉಚಿತವಾಗಿ ಸಿಗುವ 5 ಜಿಬಿಯೂ ತುಂಬಿಹೋಗುತ್ತದೆ. ಇದಕ್ಕೆ ಮದ್ದಿದೆ: ಯೂನಿಟಿ ಮುಚ್ಚಿ ಲೈಬ್ರರಿಯನ್ನು ಅಳಿಸಿ, ಮತ್ತೆ ತೆರೆದಾಗ ಅದು ಹೊಸದಾಗಿ ತಯಾರಾಗುತ್ತದೆ.

ಡಾಟ್ ಮೆಟಾ ಫೈಲು ಹೋದರೆ ಮಾತ್ರ ಕಷ್ಟ. ಗೇಮಿನ ಸಾಮಗ್ರಿ ಇರುವ ಅಸೆಟ್ಸ್ ಫೋಲ್ಡರಿನ ಒಳಗಿನ ಪ್ರತಿ ಚಿತ್ರ, ಪ್ರತಿ ಸ್ಕ್ರಿಪ್ಟಿನ (ಕೋಡ್ ಫೈಲಿನ) ಪಕ್ಕ ಇಂಥದೊಂದು ಇರುತ್ತದೆ. ಒಳಗೆ 32 ಅಕ್ಷರಗಳ ಗುರುತು. ಸೀನ್ (ಗೇಮಿನ ಒಂದು ದೃಶ್ಯ) ನಿಮ್ಮ ಸ್ಕ್ರಿಪ್ಟನ್ನು ಹುಡುಕುವುದು ಹೆಸರಿನಿಂದಲ್ಲ, ಆ ಗುರುತಿನಿಂದ. ಮೆಟಾ ಕಾಣೆಯಾದರೆ ಯೂನಿಟಿ ಹೊಸ ಗುರುತು ಕೊಟ್ಟುಬಿಡುತ್ತದೆ. ಆಗ ಸ್ಕ್ರಿಪ್ಟ್ ಕಣ್ಣೆದುರೇ ಇದ್ದರೂ ಯೂನಿಟಿಯ ಇನ್‌ಸ್ಪೆಕ್ಟರ್ ಕಿಟಕಿಯಲ್ಲಿ ‘ಮಿಸ್ಸಿಂಗ್’ ಅಂತ ತೋರಿಸುತ್ತದೆ. ಆ ಹೊತ್ತಿನಲ್ಲಿ ‘ರಿಮೂವ್ ಕಾಂಪೊನೆಂಟ್’ ಒತ್ತಲೇಬೇಡಿ. ನೀವು ತುಂಬಿದ ಮೌಲ್ಯಗಳು ಸೀನ್ ಫೈಲಿನಲ್ಲಿ ಇನ್ನೂ ಉಳಿದಿರುತ್ತವೆ, ಹಳೆಯ ಮೆಟಾ ಸಿಕ್ಕರೆ ವಾಪಸ್ ಬರುತ್ತವೆ. ಒನ್‌ಡ್ರೈವ್ ವೆಬ್‌ಸೈಟಿನ ರೀಸೈಕಲ್ ಬಿನ್ ನೋಡಿ. ವೈಯಕ್ತಿಕ ಅಕೌಂಟಿನಲ್ಲಿ ಅಳಿಸಿದ ಫೈಲು ಸಾಮಾನ್ಯವಾಗಿ 30 ದಿನ ಅಲ್ಲಿರುತ್ತದೆ.

ಎರಡು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಕಾಟ. ಸಿಂಕ್ ಗೊಂದಲವಾದಾಗ ಕಂಪ್ಯೂಟರಿನ ಹೆಸರು ಅಂಟಿಸಿಕೊಂಡ, ಅದೇ ಫೈಲಿನ ಎರಡನೇ ಪ್ರತಿ ಹುಟ್ಟುತ್ತದೆ. ಒಂದೇ ಕ್ಲಾಸ್ (ಕೋಡಿನ ಘಟಕ) ಎರಡು ಫೈಲಿನಲ್ಲಿ ಇದ್ದರೆ ಕೋಡ್ ಕಂಪೈಲ್ ಆಗುವುದಿಲ್ಲ, ಪ್ಲೇ ಬಟನ್ನೂ ಕೆಲಸ ಮಾಡುವುದಿಲ್ಲ.

ಪ್ರಾಜೆಕ್ಟಿನ ಜಾಗ ಬದಲಿಸುವ ಮೊದಲು ಯೂನಿಟಿ ಮುಚ್ಚಿ, ಅದರ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಡಿ. ಹಸಿರು ಟಿಕ್ ಬರುವವರೆಗೆ ಕಾಯಿರಿ, ಇಲ್ಲದಿದ್ದರೆ ಬರೀ ಕ್ಲೌಡಿನಲ್ಲಿರುವ ಫೈಲುಗಳು ಸಿಗದೇ ಹೋದಾವು. ಆಮೇಲೆ ಅಸೆಟ್ಸ್, ಪ್ಯಾಕೇಜಸ್, ಪ್ರಾಜೆಕ್ಟ್ ಸೆಟ್ಟಿಂಗ್ಸ್ ಈ ಮೂರನ್ನು ಸಿ ಡ್ರೈವಿನ ಬುಡದಲ್ಲಿ ಮಾಡಿದ ಹೊಸ ಫೋಲ್ಡರಿಗೆ ಕಾಪಿ ಮಾಡಿ, ಯೂನಿಟಿ ಹಬ್‌ನಲ್ಲಿ (ಪ್ರಾಜೆಕ್ಟುಗಳನ್ನು ತೆರೆಯುವ ಆ್ಯಪ್) ಸೇರಿಸಿ. ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ನಡುವೆ ಸ್ಪೇಸ್ ಬೇಡ. ಕನ್ನಡ ಹೆಸರಿದ್ದರೆ ಆಂಡ್ರಾಯ್ಡ್ ಬಿಲ್ಡ್ ಎಡವುತ್ತದೆ. ಮೊದಲ ಸಲ ತೆರೆಯಲು ತುಂಬ ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ.

ಬ್ಯಾಕಪ್‌ಗೆ ಗಿಟ್ (ಫೈಲುಗಳ ಪ್ರತಿ ಬದಲಾವಣೆಯನ್ನೂ ಕಾಪಿಡುವ ತಂತ್ರಾಂಶ) ಇಟ್ಟುಕೊಳ್ಳಿ. ಗಿಟ್ಟಿಗೂ ಈ ಮೂರೇ ಫೋಲ್ಡರ್ ಸಾಕು, ಮೆಟಾ ಒಂದೂ ಬಿಟ್ಟುಹೋಗದಿರಲಿ. ಗಿಟ್ ಪ್ರಾಜೆಕ್ಟುಗಳನ್ನು ಆನ್‌ಲೈನಿನಲ್ಲಿ ಇಡುವ ಗಿಟ್‌ಹಬ್ 100 ಎಂಬಿ ಮೀರಿದ ಫೈಲನ್ನು ಒಪ್ಪುವುದಿಲ್ಲ, ಅದಕ್ಕೆ ದೊಡ್ಡ ಫೈಲುಗಳಿಗೆಂದೇ ಇರುವ ಗಿಟ್ ಎಲ್‌ಎಫ್‌ಎಸ್ ಬೇಕು.

ಡೆಸ್ಕ್‌ಟಾಪ್ ಬ್ಯಾಕಪ್ಪನ್ನೇ ನಿಲ್ಲಿಸಿದಾಗ ಪರದೆ ಖಾಲಿಯಾಗಿ ಕಂಡರೆ ಗಾಬರಿಯಾಗಬೇಡಿ. ಒನ್‌ಡ್ರೈವ್ ಫೋಲ್ಡರಿನೊಳಗೂ ಒಂದು ಡೆಸ್ಕ್‌ಟಾಪ್ ಇದೆ, ಫೈಲುಗಳು ಅಲ್ಲಿರುತ್ತವೆ.